ಪಟಪಟ ಓದಿದ ಮಾತ್ರಕ್ಕೆ ಓದು ಬಂತೇ?

ಜೂನ್‌ನಲ್ಲಿ ಶುರುವಾದ ಶಾಲೆಗೆ ದಸರಾ ರಜೆ ಬರುವ ಹೊತ್ತಿಗೆ ಮೊದಲ ಅವಧಿ ಮುಗಿದಿರುತ್ತದೆ. ಪೋಷಕರ ಸಭೆಯಲ್ಲಿ ಆಗ ಒಂದು ದೂರು ಇದ್ದೇ ಇರುತ್ತದೆ: “ಹೋದ ವರ್ಷ ನೀರು ಕುಡಿದ ಹಾಗೆ ಓದ್ತಿದ್ದ ಮಿಸ್, ಈಗ ಅಲ್ಲಲ್ಲೇ ನಿಲ್ತಾನೆ.” ಮಗು ಹಿಂದೆ ಬಿತ್ತು ಎಂದು ಮನೆಯವರಿಗೆ ಗಾಬರಿ. ಎಷ್ಟೋ ಸಲ ಆಗಿರುವುದು ಇದರ ತದ್ವಿರುದ್ಧ.

ಒಂದನೇ ತರಗತಿಯಲ್ಲಿ ಪಾಠವನ್ನು ಎಲ್ಲರೂ ಸೇರಿ ರಾಗವಾಗಿ ಹೇಳುತ್ತಾರೆ. ಪಾಠ ಬಾಯಿಪಾಠವಾಗುತ್ತದೆ. ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದರಲ್ಲಿ! ಅದೇ ಮಗುವಿಗೆ ಕಾಣದ ಪುಸ್ತಕ ಕೊಟ್ಟು ನೋಡಿ. ‘ಬೆಟ್ಟದ ಮೇಲೆ’ ಎಂಬುದನ್ನು ‘ಬೆಟದ’ ಎಂದು ಓದಿ, ಏನೋ ಸರಿಹೋಗಲಿಲ್ಲ ಎಂದು ತಡೆದು, ಹಿಂದೆ ಹೋಗಿ ‘ಬೆಟ್ಟದ’ ಎಂದು ತಿದ್ದಿಕೊಂಡರೆ, ಅದು ಓದುತ್ತಿದೆ ಎಂದರ್ಥ. ನ್ಯೂಜಿಲೆಂಡಿನ ಮೇರಿ ಕ್ಲೇ ಆಗಷ್ಟೇ ಓದಲು ಕಲಿಯುವ ಮಕ್ಕಳ ಪಕ್ಕದಲ್ಲಿ ಕೂತು ಗಮನಿಸಿದ್ದು ಇದನ್ನೇ. ಹೀಗೆ ತಾನಾಗಿ ತಿದ್ದಿಕೊಳ್ಳುವುದನ್ನು ಅವರು ಪ್ರಗತಿಯ ಗುರುತಾಗಿ ಲೆಕ್ಕಕ್ಕೆ ಹಿಡಿದರು. ನಾವು ಅದನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಿ “ಸರಿಯಾಗಿ ನೋಡೋ” ಎಂದು ಗದರುತ್ತೇವೆ.

ಒಂದನೇ ತರಗತಿ ಮುಗಿಯುವಷ್ಟರಲ್ಲಿ ಅಕ್ಷರವೆಲ್ಲ ಮುಗಿಯಬೇಕು ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಇಂಗ್ಲಿಷಿನ 26 ಅಕ್ಷರ ಕಂಡವರ ಹಟ ಇದು. ನಮ್ಮಲ್ಲಿ ವರ್ಣಮಾಲೆಯ 49 ಬರೀ ಹೊಸ್ತಿಲು. ಕಾಗುಣಿತವೊಂದೇ ಐನೂರರ ಆಸುಪಾಸು, ಆಮೇಲೆ ಒತ್ತಕ್ಷರ. ‘ಮ’ಗೆ ಕೊಡುವ ಒತ್ತು ನೋಡಲು ‘ಮ’ದಂತೆ ಇರುವುದಿಲ್ಲ. ‘ಸೂರ್ಯ’ ಬರೆಯುವಾಗ ಅರ್ಕಾವೊತ್ತು ‘ಯ’ದ ಬಲಕ್ಕೆ ಕೂರುತ್ತದೆ, ಉಚ್ಚಾರದಲ್ಲಿ ‘ಯ’ಗಿಂತ ಮೊದಲು ಬರುತ್ತದೆ. ಕಣ್ಣು ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬರಬೇಕು. ಏಳು ವರ್ಷದ ಮಗು ಅಲ್ಲಿ ಒಂದು ಕ್ಷಣ ನಿಂತರೆ ಆಶ್ಚರ್ಯವೇನು? ಕನ್ನಡದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಈ ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುವುದು ಕಂಡುಬಂತು. ಹಾಗೆಂದು ತಡವರಿಕೆಯೆಲ್ಲ ಸಹಜವೆಂದು ಕೈಕಟ್ಟಿ ಕೂರುವಂತಿಲ್ಲ. ತಿಂಗಳುಗಟ್ಟಲೆ ಒಂದಿಷ್ಟೂ ಮುಂದೆ ಹೋಗದ ಮಗುವಿಗೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಬೇಕು.

ಅಕ್ಷರ ಬಂದರೆ ಅರ್ಥ ತಾನಾಗಿ ಬರುತ್ತದೆ ಎನ್ನುವವರಿಗೆ 1988ರ ಅಮೆರಿಕದ ಒಂದು ಪ್ರಯೋಗ ಹೇಳಬೇಕು. ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಓದಿಸಿದರು. ಓದಿನಲ್ಲಿ ಹಿಂದಿದ್ದು ಆಟ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ಅರಿಯದವರನ್ನು ಹಿಂದೆ ಹಾಕಿದರು. ಒಕ್ಕಣೆ ಕಂಡ ಮಂಡ್ಯದ ಹುಡುಗಿಗೆ ಸುಗ್ಗಿಯ ಪಾಠ ಹಗುರ. ಕಣವನ್ನೇ ಕಾಣದ ಬೆಂಗಳೂರಿನ ಜಾಣನಿಗೆ ಅದೇ ಪಾಠದ ಪ್ರತಿ ಪದವೂ ಓದಲು ಬರುತ್ತದೆ, ಚಿತ್ರ ಮೂಡುವುದಿಲ್ಲ. ಕಥೆ ಪುಸ್ತಕ ಓದಿಗೆ ಅಡ್ಡಿ ಎಂದು ಕಿತ್ತಿಡುವ ಮನೆಗಳು ಈ ತಿಳಿವಳಿಕೆಯ ದಾರಿಯನ್ನೇ ಮುಚ್ಚುತ್ತವೆ. 2020ರಲ್ಲಿ ‘ಓದುವ ಬೆಳಕು’ ಅಭಿಯಾನದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಹಳ್ಳಿಯಲ್ಲಿರುವವರಿಗೆ ದುಡ್ಡಿನ ನೆಪವೂ ಇಲ್ಲ.

ಕೆಲವರು ಕಣ್ಣಿಂದ ಕಲಿಯುತ್ತಾರೆ, ಕೆಲವರು ಕಿವಿಯಿಂದ ಎಂಬ ಮಾತೂ ಚಾಲ್ತಿಯಲ್ಲಿದೆ. ಹಾಗೆ ವಿಂಗಡಿಸಿ ಕಲಿಸಿದರೆ ಲಾಭವೆನ್ನಲು ತಕ್ಕ ಪುರಾವೆ ಇಲ್ಲ ಎಂದು 2008ರಲ್ಲೇ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಬರೆದಿದ್ದಾರೆ.

ಇನ್ನು ಪರೀಕ್ಷೆಯ ಹಿಂದಿನ ರಾತ್ರಿಯ ಮಂತ್ರ: ಹತ್ತು ಸಲ ಓದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ಪಾಠ ಮತ್ತೆ ಓದಿಸಿದರು. ಇನ್ನೊಂದಕ್ಕೆ ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ, ಮತ್ತೆ ಓದಿದವರೇ ಮುಂದು. ವಾರ ಕಳೆದಾಗ ಅವರಿಗೆ ನೆನಪಿದ್ದದ್ದು ಸುಮಾರು ಶೇಕಡಾ 42, ಬರೆದು ನೋಡಿದವರಿಗೆ 56. ರಜೆಯಲ್ಲಿ ಮತ್ತೆ ಪಾಠ ಓದಿಸುವ ಬದಲು ಪುಸ್ತಕ ಮುಚ್ಚಿಸಿ, “ಆ ಕಥೇಲಿ ಏನಾಯ್ತು, ಹೇಳು ಪುಟ್ಟಾ” ಎಂದು ಕೇಳಿ. ತಪ್ಪಿದರೆ ನಡುವೆ ಬಾಯಿ ಹಾಕಬೇಡಿ. ಬೇಕಾದರೆ ಮಗುವೇ ಪುಸ್ತಕ ತೆಗೆದು ನೋಡುತ್ತದೆ.