ಎಫ್ಟೆಲಿಂಗ್: ಹಳೆಯ ನೆನಪಿನ ಕಾಡಿನಲ್ಲಿ ಹೊಸ ರೋಮಾಂಚನ

ಒಂದು ಕಥೆಯನ್ನೋ ಒಂದು ಕಾಲವನ್ನೋ ಒಂದು ಕಲ್ಪನಾಲೋಕವನ್ನೋ ಆಧಾರವಾಗಿಟ್ಟುಕೊಂಡು ಕಟ್ಟಿದ ಮನರಂಜನಾ ಉದ್ಯಾನಕ್ಕೆ ಥೀಮ್ ಪಾರ್ಕ್ ಎನ್ನುತ್ತಾರೆ. ಒಂದಕ್ಕೊಂದು ವಿರುದ್ಧವಾದ ಎರಡು ಬಯಕೆಗಳನ್ನು ಒಂದೇ ದಿನದ ಟಿಕೆಟ್ಟಿನಲ್ಲಿ ತಣಿಸಬೇಕಾದ ಉದ್ಯಮ ಅದು. ಮೊದಲ ಬಾರಿಗೆ ಬರುವ ಹದಿಹರೆಯದವರು ಹಿಂದೆಂದೂ ಕಾಣದ ವೇಗ, ಎತ್ತರ ಮತ್ತು ಭಯವನ್ನು ಹುಡುಕುತ್ತಾರೆ. ಅವರನ್ನು ಕರೆತಂದ ತಂದೆತಾಯಿಯರು, ಅಜ್ಜ ಅಜ್ಜಿಯರು ತಮ್ಮ ಬಾಲ್ಯದಲ್ಲಿ ಕಂಡದ್ದು ಕಂಡ ಹಾಗೆಯೇ ಇರಲಿ ಎಂದು ಆಶಿಸುತ್ತಾರೆ. ಕಳೆದ ಕಾಲದ ಬಗೆಗಿನ ಈ ಹಳಹಳಿಕೆಯೂ ಹೊಸತರ ರೋಮಾಂಚನವೂ ಒಂದೇ ಆವರಣದೊಳಗೆ ಬಾಳುವುದು ಹೇಗೆ ಎಂಬ ಪ್ರಶ್ನೆಗೆ ಜಗತ್ತಿನ ಬಹುತೇಕ ಉದ್ಯಾನಗಳು ತೃಪ್ತಿಕರ ಉತ್ತರ ಕೊಟ್ಟಿಲ್ಲ. ಕೊಟ್ಟಿರುವ ಕೆಲವೇ ಉದ್ಯಾನಗಳಲ್ಲಿ ನೆದರ್ಲೆಂಡ್ಸ್‌ನ ಎಫ್ಟೆಲಿಂಗ್ ಮುಖ್ಯವಾದುದು.

ಬರೀ ರೋಮಾಂಚನವನ್ನೇ ನಂಬಿದವರ ಪಾಡನ್ನು ಮೊದಲು ಗಮನಿಸಬೇಕು. ಅಮೆರಿಕದ ನ್ಯೂಜೆರ್ಸಿಯಲ್ಲಿ 2005ರಲ್ಲಿ ಆರಂಭವಾದ ಕಿಂಗ್ಡಾ ಕಾ ಎಂಬ ರೋಲರ್ ಕೋಸ್ಟರ್ 139 ಮೀಟರ್ ಎತ್ತರವಿದ್ದು, ಜಗತ್ತಿನಲ್ಲೇ ಅತಿ ಎತ್ತರದ್ದೆಂಬ ದಾಖಲೆಯನ್ನು ಕೊನೆಯವರೆಗೂ ಉಳಿಸಿಕೊಂಡಿತ್ತು. ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಮೇಲಕ್ಕೆ ಚಿಮ್ಮುತ್ತಿದ್ದ ಆ ಬಂಡಿಯ ಪಯಣ ಒಂದು ನಿಮಿಷವೂ ಇರುತ್ತಿರಲಿಲ್ಲ. 2024ರಲ್ಲಿ ಅದು ನಿಂತಿತು, 2025ರ ಆರಂಭದಲ್ಲಿ ಅದನ್ನು ಸ್ಫೋಟಕ ಬಳಸಿ ಕೆಡವಲಾಯಿತು. ಅಲ್ಲಿಂದ ಬಹು ದೂರವೇನೂ ಇಲ್ಲದ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ 1927ರಲ್ಲಿ ಕಟ್ಟಿದ ಸೈಕ್ಲೋನ್ ಎಂಬ ಮರದ ಹಳಿಯ ಕೋಸ್ಟರ್, ಎತ್ತರದಲ್ಲಿ ಇದರ ಐದನೆಯ ಒಂದು ಭಾಗಕ್ಕೂ ಸಮವಲ್ಲದಿದ್ದರೂ, ಇಂದಿಗೂ ಓಡುತ್ತಿದೆ. 1991ರಲ್ಲಿ ಅದಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮನ್ನಣೆಯೂ ದೊರಕಿತು.

ಈ ವ್ಯತ್ಯಾಸದ ಬೇರು ಮನುಷ್ಯನ ಮನಸ್ಸಿನಲ್ಲಿದೆ. ಭಯ ಬೆರೆತ ರೋಮಾಂಚನ ಪುನರಾವರ್ತನೆಯಿಂದ ಸವೆಯುತ್ತದೆ: ಮೊದಲ ಸಲ ಎದೆ ನಡುಗಿಸಿದ ಇಳಿಜಾರು ಹತ್ತನೆಯ ಸಲಕ್ಕೆ ಪರಿಚಿತವಾಗುತ್ತದೆ, ಅದನ್ನು ಮೀರಿಸಲು ಇನ್ನೂ ಎತ್ತರದ ಇನ್ನೊಂದು ಬೇಕಾಗುತ್ತದೆ. ನೆನಪಿನ ಸುಖವಾದರೋ ಪುನರಾವರ್ತನೆಯಿಂದಲೇ ಬೆಳೆಯುತ್ತದೆ. ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ಅನುಭವಗಳು ಮುಪ್ಪಿನಲ್ಲೂ ಹೆಚ್ಚು ಸ್ಪಷ್ಟವಾಗಿ ನೆನಪಿಗೆ ಬರುತ್ತವೆ ಎಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಆದರೆ ಆ ನೆನಪು ಮತ್ತೆ ಚಿಗುರಬೇಕಾದರೆ ಅದನ್ನು ಕೆಣಕುವ ಯಾವುದೋ ಒಂದು ಗುರುತು, ಒಂದು ರಾಗವೋ ಒಂದು ವಾಸನೆಯೋ ಒಂದು ತಿರುವೋ, ಅದೇ ಸ್ಥಳದಲ್ಲಿ ಹಾಗೆಯೇ ಉಳಿದಿರಬೇಕು. ಏನನ್ನು ಉಳಿಸಬೇಕು ಎಂದು ಆರಿಸುವ ವಿವೇಕವೇ ಈ ಉದ್ಯಮದ ಅತ್ಯಂತ ಕಠಿಣ ಕೌಶಲ.

ಎಫ್ಟೆಲಿಂಗ್ ಇರುವುದು ನೆದರ್ಲೆಂಡ್ಸ್‌ನ ದಕ್ಷಿಣದ ಉತ್ತರ ಬ್ರಾಬಾಂಟ್ ಪ್ರಾಂತದ ಕಾಟ್ಸ್‌ಹ್ಯೂವಲ್ ಎಂಬ ಊರಿನಲ್ಲಿ. ಉದ್ಯೋಗ ನಿಮಿತ್ತ ಕನ್ನಡಿಗ ಕುಟುಂಬಗಳು ನೆಲೆಸಿರುವ ಐಂಡ್‌ಹೋವನ್ ನಗರವೂ ಇದೇ ಪ್ರಾಂತದ್ದು. 1952ರಲ್ಲಿ, ಅಂದರೆ ಡಿಸ್ನಿಲ್ಯಾಂಡ್ ಬಾಗಿಲು ತೆರೆಯುವುದಕ್ಕೆ ಮೂರು ವರ್ಷ ಮೊದಲು, ಚಿತ್ರಕಾರ ಆಂಟನ್ ಪೀಕ್ ಅವರ ರೇಖೆಗಳನ್ನೂ ಪೀಟರ್ ರೈಂಡರ್ಸ್ ಅವರ ಯಾಂತ್ರಿಕ ಜಾಣ್ಮೆಯನ್ನೂ ಕೂಡಿಸಿ ಇಲ್ಲಿ ಹತ್ತು ಕಥಾದೃಶ್ಯಗಳ ಒಂದು ‘ಕಿನ್ನರಕಥೆಗಳ ಕಾಡು’ ನಿರ್ಮಾಣವಾಯಿತು. ಮರಗಳ ನಡುವಿನ ಕಾಲುದಾರಿಯಲ್ಲಿ ನಡೆಯುತ್ತ ಹೋದರೆ ನಿದ್ರಿಸುವ ರಾಜಕುಮಾರಿ, ಕಪ್ಪೆರಾಯ, ಹೇಳಿದ್ದನ್ನೇ ತಿರುಗಿ ಹೇಳುವ ಗಿಳಿ, ಕುಳಿತಲ್ಲಿಂದಲೇ ಕುತ್ತಿಗೆಯನ್ನು ಮೇಲಕ್ಕೆ ಚಾಚಿ ಮತ್ತೆ ಇಳಿಸುವ ಉದ್ದಕೊರಳಿನ ಆಳು, ಹೀಗೆ ಒಂದೊಂದಾಗಿ ಎದುರಾಗುತ್ತವೆ. ಇಲ್ಲಿ ವೇಗವಿಲ್ಲ, ಹಳಿಯಿಲ್ಲ, ಸರತಿ ಸಾಲಿನ ಗೊಂದಲವೂ ಕಡಿಮೆ.

ಈ ಕಾಡಿನ ಶಕ್ತಿ ಎಷ್ಟೆಂಬುದನ್ನು ಒಂದು ಕಸದ ಬುಟ್ಟಿಯಿಂದಲೇ ಅರಿಯಬಹುದು. 1959ರಿಂದ ಉದ್ಯಾನದಲ್ಲಿರುವ ‘ಹೊಲ್ಲೆ ಬೊಲ್ಲೆ ಹೇಸ್’ ಎಂಬ ಹೊಟ್ಟೆಬಾಕನ ಗೊಂಬೆ ಬಾಯಿ ತೆರೆದು ಕುಳಿತು, ಕಾಗದವನ್ನು ಇಲ್ಲಿ ಹಾಕಿರೆಂದು ಡಚ್ ಭಾಷೆಯಲ್ಲಿ ಕೂಗುತ್ತದೆ. ಮಗು ಕೈಯಲ್ಲಿದ್ದ ಕಾಗದವನ್ನು ಆ ಬಾಯಿಯ ಬಳಿ ಹಿಡಿದೊಡನೆ ಒಳಗಿನ ಗಾಳಿಯ ಸೆಳೆತ ಅದನ್ನು ಬೆರಳ ತುದಿಯಿಂದ ಕಿತ್ತುಕೊಂಡು ನುಂಗುತ್ತದೆ, ಗೊಂಬೆ ಧನ್ಯವಾದ ಹೇಳುತ್ತದೆ, ಮಗು ಇನ್ನೊಂದು ಕಾಗದ ಹುಡುಕಲು ಓಡುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ದೀರ್ಘಾಯುಷಿಯಾದ ಆಟ ಬೇರೆ ಯಾವ ಉದ್ಯಾನದಲ್ಲಾದರೂ ಇದೆಯೇ ಎಂಬುದು ಅನುಮಾನ. ಮೊಮ್ಮಗುವನ್ನು ಎತ್ತಿ ಹಿಡಿಯುವ ಅಜ್ಜನಿಗೂ ಆ ಸೆಳೆತದ ಅನುಭವ ಬೆರಳಿನಲ್ಲಿಯೇ ಉಳಿದಿರುತ್ತದೆ.

ಕಾಡು ಹಳೆಯದಾದರೂ ನಿಂತ ನೀರಾಗಿಲ್ಲ. ಬೆಲ್ಜಿಯಂನ ರಾಣಿ ಫಾಬಿಯೋಲಾ ಬರೆದ ಒಂದು ಕಥೆಯನ್ನು ಆಧರಿಸಿ, ಇಂಗ್ಲಿಷಿನಲ್ಲಿ ‘ಇಂಡಿಯನ್ ವಾಟರ್ ಲಿಲೀಸ್’ ಎಂದು ಕರೆಯಲಾಗುವ ದೃಶ್ಯವನ್ನು 1966ರಲ್ಲಿ ಸೇರಿಸಲಾಯಿತು. ‘ಆರು ಹಂಸಗಳು’ 2014ರಲ್ಲಿಯೂ ‘ಪಿನೋಕಿಯೋ’ 2016ರಲ್ಲಿಯೂ ಬಂದವು. ಹೊಸದಾಗಿ ಸೇರುವ ಪ್ರತಿಯೊಂದು ಕಥೆಯೂ ಪೀಕ್ ಅವರ ವಕ್ರ ಮಾಡು, ಪಾಚಿಗಟ್ಟಿದ ಗೋಡೆಗಳ ಶೈಲಿಗೆ ಎಷ್ಟು ಹೊಂದಿಕೊಂಡಿರುತ್ತದೆಂದರೆ, ಯಾವುದು 1950ರ ದಶಕದ್ದು, ಯಾವುದು ಈಚಿನದು ಎಂದು ಹೊಸಬರಿಗೆ ಹೊಳೆಯುವುದಿಲ್ಲ.

ಆದರೂ ಕಾಡೊಂದರಿಂದಲೇ ಉದ್ಯಾನ ಬದುಕಲಾರದು ಎಂಬ ಅರಿವು 1970ರ ದಶಕದ ಹೊತ್ತಿಗೆ ಮೂಡಿತು, ಏಕೆಂದರೆ ಕಥೆ ಕೇಳುವ ವಯಸ್ಸು ಮೀರಿದ ಮಕ್ಕಳಿಗೆ ಅಲ್ಲಿ ಮಾಡಲು ಹೆಚ್ಚೇನೂ ಇರಲಿಲ್ಲ. ಪೀಕ್ ಅವರ ಉತ್ತರಾಧಿಕಾರಿ ಟಾನ್ ವಾನ್ ಡೆ ವೆನ್ 1978ರಲ್ಲಿ ‘ಸ್ಪೂಕ್‌ಸ್ಲಾಟ್’ ಎಂಬ ಭೂತಬಂಗಲೆಯನ್ನು ರೂಪಿಸಿದರು. 1981ರಲ್ಲಿ ವೆಕೋಮಾ ಎಂಬ ಡಚ್ ಕಂಪನಿ ನಿರ್ಮಿಸಿದ ‘ಪೈಥಾನ್’ ಎಂಬ ಉಕ್ಕಿನ ಕೋಸ್ಟರ್ ಎರಡು ಲೂಪ್‌ಗಳೊಂದಿಗೆ, ಅಂದರೆ ಕುಳಿತವರನ್ನು ತಲೆಕೆಳಗಾಗಿಸುವ ಎರಡು ಪೂರ್ಣ ವೃತ್ತಗಳೊಂದಿಗೆ, ಮತ್ತು ಬಿರಡೆ ತೆಗೆಯುವ ತಿರುಪಿನಂತೆ ಸುತ್ತುವ ಎರಡು ಸುರುಳಿಗಳೊಂದಿಗೆ ಓಡತೊಡಗಿತು. ಕಿನ್ನರಕಥೆಗೂ ಪೈಥಾನ್‌ಗೂ ಯಾವ ಸಂಬಂಧವೂ ಇರಲಿಲ್ಲ. ಹಾಗಿದ್ದರೂ ಅದನ್ನು ಹದಿನೈದರ ಪ್ರಾಯದಲ್ಲಿ ಏರಿದವರಿಗೆ ಕಾಲಕ್ರಮದಲ್ಲಿ ಅದೇ ಬಾಲ್ಯದ ಗುರುತಾಯಿತು. ಒಂದು ತಲೆಮಾರಿನ ಆಧುನಿಕ ರೋಮಾಂಚನವೇ ಮುಂದಿನ ತಲೆಮಾರಿನ ಹಳಹಳಿಕೆ ಎಂಬ ಸತ್ಯಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಪೈಥಾನ್ ಮುಪ್ಪಾದಾಗ ಎಫ್ಟೆಲಿಂಗ್ ಕೈಗೊಂಡ ನಿರ್ಧಾರ ವಿಶೇಷವಾಗಿ ಗಮನಾರ್ಹವಾದುದು. 1970-80ರ ದಶಕಗಳ ಕೋಸ್ಟರ್‌ಗಳ ಹಳಿಗಳಲ್ಲಿ ಒಂದು ಬಾಗಿನಿಂದ ಇನ್ನೊಂದಕ್ಕೆ ಹೊರಳುವ ಜಾಗಗಳು ಹಠಾತ್ತಾಗಿದ್ದು, ಸವಾರರ ತಲೆ ಭುಜದ ಮೇಲಿನ ಕವಚಕ್ಕೆ ಬಡಿಯುತ್ತಿತ್ತು. ಇಂದಿನ ವಿನ್ಯಾಸಕಾರರು ಕಂಪ್ಯೂಟರ್ ಲೆಕ್ಕಾಚಾರದ ಮೂಲಕ ಹಳಿಯನ್ನು ಕುಳಿತವರ ಎದೆಯ ಮಟ್ಟದ ಒಂದು ಕಾಲ್ಪನಿಕ ರೇಖೆಯ ಸುತ್ತ ತಿರುಗಿಸುವುದರಿಂದ ತಿರುವಿನ ಒತ್ತಡ ದೇಹದ ಮೇಲೆ ನಯವಾಗಿ ಹಂಚಿಹೋಗುತ್ತದೆ. ಹಳೆಯದನ್ನು ಕಿತ್ತೆಸೆದು ಇಪ್ಪತ್ತೊಂದನೆಯ ಶತಮಾನದ ಇನ್ನೊಂದು ಯಂತ್ರವನ್ನು ತಂದು ನಿಲ್ಲಿಸುವ ದಾರಿ ಎಫ್ಟೆಲಿಂಗ್ ಮುಂದೆ ತೆರೆದಿತ್ತು. ಆದರೆ 2018ರಲ್ಲಿ ಅದು ನಿಲ್ದಾಣವನ್ನೂ ಬಂಡಿಯನ್ನು ಮೇಲಕ್ಕೆಳೆಯುವ ಏರನ್ನೂ ಉಳಿಸಿಕೊಂಡು, ಉಳಿದ ಹಳಿಯನ್ನೆಲ್ಲ ಅದೇ ವೆಕೋಮಾದಿಂದ ಅದೇ ನಕ್ಷೆಯಲ್ಲಿ ಹೊಸದಾಗಿ ಮಾಡಿಸಿತು. ಲೂಪ್‌ಗಳೂ ಸುರುಳಿಗಳೂ ಮೊದಲಿದ್ದ ಕ್ರಮದಲ್ಲೇ ಬಂದವು, ಉಕ್ಕು ಮಾತ್ರ ಹೊಸದಾಯಿತು. ಕಿವಿಗೆ ಬೀಳುತ್ತಿದ್ದ ಪೆಟ್ಟನ್ನು ಯಾರೂ ಹಂಬಲಿಸುವುದಿಲ್ಲ. ಹಂಬಲಿಸುವುದು ಮುಂದಿನ ತಿರುವು ಯಾವುದೆಂದು ದೇಹಕ್ಕೆ ಮೊದಲೇ ಗೊತ್ತಿರುವ ಆ ಅನುಕ್ರಮವನ್ನು. ಅದನ್ನು ಗುರುತಿಸಿ ಉಳಿಸಿದ್ದು ದೊಡ್ಡ ವಿವೇಕ.

ಸ್ಪೂಕ್‌ಸ್ಲಾಟ್‌ನ ಕಥೆ ಇಷ್ಟು ಸುಗಮವಲ್ಲ. ಅಲ್ಲಿ ಪ್ರೇಕ್ಷಕರು ಕತ್ತಲೆಯ ಕೋಣೆಯಲ್ಲಿ ನಿಂತು, ಎದುರಿನ ಸ್ಮಶಾನದಲ್ಲಿ ಗೋರಿಗಳು ತೆರೆದುಕೊಳ್ಳುವುದನ್ನೂ ಪಿಟೀಲೊಂದು ತಾನಾಗಿ ನುಡಿಯುವುದನ್ನೂ ನೋಡುತ್ತಿದ್ದರು. ಹಿನ್ನೆಲೆಯಲ್ಲಿ ಫ್ರೆಂಚ್ ಸಂಗೀತಕಾರ ಸೇಂಟ್-ಸಾನ್ಸ್ 1874ರಲ್ಲಿ ರಚಿಸಿದ ‘ದಾನ್ಸ್ ಮಕಾಬ್ರ್’, ಅಂದರೆ ‘ಸಾವಿನ ಕುಣಿತ’, ಮೊಳಗುತ್ತಿತ್ತು. ಒಂಟಿ ಪಿಟೀಲಿನ ಮೇಲಿನ ತಂತಿಯನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿಸಿ, ಕೇಳುಗರ ಮೈ ಜುಮ್ಮೆನ್ನುವ ಅಪಸ್ವರವೊಂದನ್ನು ಸೇಂಟ್-ಸಾನ್ಸ್ ಆ ಕೃತಿಯಲ್ಲಿ ಬೇಕೆಂದೇ ಹೊರಡಿಸಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಆ ಬಂಗಲೆ ಮುಚ್ಚಿತು, ಆಮೇಲೆ ಕಟ್ಟಡವೂ ನೆಲಸಮವಾಯಿತು.

2024ರ ಅಕ್ಟೋಬರ್ 31ರಂದು ಅದೇ ಜಾಗದಲ್ಲಿ ತೆರೆದುಕೊಂಡ ಹೊಸ ಆಟಕ್ಕೆ ಇಟ್ಟ ಹೆಸರೇ ‘ದಾನ್ಸ್ ಮಕಾಬ್ರ್’. ಹಾಳುಬಿದ್ದ ಮಠವೊಂದರ ಒಳಗೆ, ಚರ್ಚಿನ ಗಾಯನವೃಂದದ ಪೀಠಗಳಂತಹ ಆಸನಗಳಲ್ಲಿ ಏಕಕಾಲಕ್ಕೆ ನೂರಕ್ಕೂ ಹೆಚ್ಚು ಜನ ಕುಳಿತಿರುವಾಗ, ಆ ಆಸನಗಳನ್ನು ಹೊತ್ತ 18 ಮೀಟರ್ ವ್ಯಾಸದ ತಟ್ಟೆ ಸಂಗೀತದ ಲಯಕ್ಕೆ ತಕ್ಕಂತೆ ತಿರುಗುತ್ತದೆ, ವಾಲುತ್ತದೆ, ಏರಿ ಕುಸಿಯುತ್ತದೆ. ಕಟ್ಟಡ, ಯಂತ್ರ, ದೃಶ್ಯ ಎಲ್ಲವೂ ಬದಲಾದವು, ರಾಗ ಉಳಿಯಿತು. ಹಿಂದೆ ನಿಂತು ನೋಡುತ್ತಿದ್ದವರು ಈಗ ಕುಳಿತು ತಾವೇ ಕುಣಿಯುತ್ತಾರೆ. ಹಳೆಯ ಬಂಗಲೆಯನ್ನು ಪ್ರೀತಿಸಿದವರ ದುಃಖ ಇದರಿಂದ ತೀರಿತೆಂದು ಹೇಳುವುದು ಸರಿಯಾಗಲಾರದು, ಏಕೆಂದರೆ ನಿಂತು ನಿಧಾನವಾಗಿ ಹೆದರುವ ಸುಖ ಬೇರೆ, ಅಲುಗಾಡಿ ಹೆದರುವ ಸುಖ ಬೇರೆ. ಆದರೆ ಏನನ್ನೂ ಉಳಿಸದೆ ಅಳಿಸಿಹಾಕುವ ಪರಿಪಾಠವೇ ಹೆಚ್ಚಿರುವ ಉದ್ಯಮದಲ್ಲಿ ಇದು ಗೌರವದ ಬೀಳ್ಕೊಡುಗೆ ಎನ್ನಲೇಬೇಕು.

ಹಳೆಯದೆಲ್ಲವೂ ಉಳಿಯತಕ್ಕದ್ದೂ ಅಲ್ಲ. ಎಫ್ಟೆಲಿಂಗ್‌ನಲ್ಲಿ 1988ರಿಂದ ಇದ್ದ ‘ಮೊಸ್ಯೂ ಕಾನಿಬಾಲ್’ ಎಂಬ ತಿರುಗುವ ಆಟ ಆಫ್ರಿಕನ್ನರನ್ನು ನರಭಕ್ಷಕರೆಂದು ಅಣಕಿಸುವ ಚಿತ್ರಣವನ್ನು ಹೊಂದಿತ್ತು. 2021ರಲ್ಲಿ ಅದನ್ನು ಮುಚ್ಚಿ, ಯಂತ್ರವನ್ನು ಹಾಗೆಯೇ ಉಳಿಸಿ, ಕಡಲ ಬಿರುಗಾಳಿಯ ಕಥೆಯನ್ನು ತೊಡಿಸಲಾಯಿತು. ಡಿಸ್ನಿಲ್ಯಾಂಡ್‌ನಲ್ಲಿ 1989ರಲ್ಲಿ ಆರಂಭವಾದ ‘ಸ್ಪ್ಲ್ಯಾಶ್ ಮೌಂಟನ್’ ಎಂಬ ನೀರಿನ ಜಾರುಹಾದಿಯೂ ಕಪ್ಪುಜನರ ಚಿತ್ರಣಕ್ಕಾಗಿ ಟೀಕೆಗೊಳಗಾದ 1946ರ ಚಲನಚಿತ್ರವೊಂದನ್ನು ಆಧರಿಸಿದ್ದ ಕಾರಣ, 2024ರಲ್ಲಿ ಅದೇ ಜಾರುಹಾದಿಯ ಮೇಲೆ ಟಿಯಾನಾ ಎಂಬ ಕಪ್ಪುವರ್ಣದ ರಾಜಕುಮಾರಿಯ ಕಥೆಯನ್ನು ಕೂರಿಸಲಾಯಿತು. ಒಬ್ಬರ ಸವಿನೆನಪು ಇನ್ನೊಬ್ಬರ ಅವಮಾನದ ಮೇಲೆ ನಿಂತಿದ್ದರೆ ಅದನ್ನು ಕಾಪಾಡುವ ಹೊಣೆ ಯಾವ ಉದ್ಯಾನಕ್ಕೂ ಇಲ್ಲ.

ಹೊಚ್ಚಹೊಸ ಯಂತ್ರಗಳನ್ನು ತರುವಾಗಲೂ ಎಫ್ಟೆಲಿಂಗ್ ಜನಪದದ ಬೇರನ್ನು ಬಿಡುವುದಿಲ್ಲ. 2015ರ ‘ಬ್ಯಾರನ್ 1898’ ಒಂದು ಡೈವ್ ಕೋಸ್ಟರ್. ಅಂದರೆ ಬಂಡಿ ಶಿಖರದ ಅಂಚಿನಲ್ಲಿ ಕೆಲವು ಕ್ಷಣ ಕೆಳಮುಖವಾಗಿ ತೂಗಿ ನಿಂತು, ಆಮೇಲೆ ಸೀದಾ ಲಂಬವಾಗಿ ಬೀಳುವ ಬಗೆಯದು. ಗಂಟೆಗೆ 90 ಕಿಲೋಮೀಟರ್ ವೇಗದ ಆ ಪತನ ಚಿನ್ನದ ಗಣಿಯ ಬಾವಿಯೊಳಕ್ಕೆ ಇಳಿಯುತ್ತದೆ, ಅದನ್ನು ಕಾಯುವವರು ಡಚ್ ಜನಪದದ ‘ವಿಟ್ಟೆ ವೀವೆನ್’ ಎಂಬ ಮಂಜಿನ ಮೋಹಿನಿಯರು. ಹೀಗಾಗಿ ಮೇಲೇರುವ ಹುಡುಗಿ ಯಂತ್ರಕ್ಕೆ ಹೆದರಿದರೆ, ಕೆಳಗೆ ನಿಂತ ಅಜ್ಜಿಗೆ ಕಥೆ ಗೊತ್ತಿರುತ್ತದೆ. ಎತ್ತರದ ನಿರ್ಬಂಧವಿರುವ ಇಂತಹ ಆಟಗಳು ಕುಟುಂಬವನ್ನು ಏರುವವರು, ಕಾಯುವವರು ಎಂದು ಇಬ್ಭಾಗ ಮಾಡುತ್ತವೆ. ಇಬ್ಬರಿಗೂ ಸಂಜೆ ಮಾತನಾಡಿಕೊಳ್ಳಲು ಒಂದು ಕಥೆಯಾದರೂ ಉಳಿಯುವುದು ಸಣ್ಣ ವಿಷಯವಲ್ಲ.

ಇಂತಹ ತಾಳ್ಮೆಗೆ ಒಂದು ಆರ್ಥಿಕ ಕಾರಣವೂ ಇದೆ. ಎಫ್ಟೆಲಿಂಗ್‌ನ ಒಡೆತನ ಒಂದು ಪ್ರತಿಷ್ಠಾನದ ಕೈಯಲ್ಲಿರುವುದರಿಂದ, ಷೇರುದಾರರಿಗಾಗಿ ವರ್ಷವರ್ಷವೂ ದಾಖಲೆ ಮುರಿಯುವ ಜಾಹೀರಾತು ನೀಡಬೇಕಾದ ಒತ್ತಡ ಅದಕ್ಕೆ ಕಡಿಮೆ.

ಕರ್ನಾಟಕಕ್ಕೆ ಈ ಪ್ರಶ್ನೆ ದೂರದ್ದೇನಲ್ಲ. ಬಿಡದಿ ಬಳಿಯ ವಂಡರ್‌ಲಾ 2005ರಲ್ಲಿ ಆರಂಭವಾಯಿತು. ಅಲ್ಲಿ ಮುಂದಕ್ಕೂ ಹಿಂದಕ್ಕೂ ಓಡುವ ‘ರಿಕಾಯಿಲ್’ ಕೋಸ್ಟರ್ ಕೂಡ ಪೈಥಾನ್ ಕಟ್ಟಿದ ವೆಕೋಮಾದ್ದೇ. ಶಾಲಾ ಪ್ರವಾಸದಲ್ಲಿ ಬಸ್ಸು ಹತ್ತಿ ಮೊದಲ ವರ್ಷಗಳಲ್ಲಿ ಅಲ್ಲಿಗೆ ಹೋದ ಮಕ್ಕಳು ಈಗ ತಾವೇ ತಂದೆತಾಯಿಯರಾಗಿ ತಮ್ಮ ಮಕ್ಕಳ ಕೈ ಹಿಡಿದು ಬರುವ ಕಾಲ ಬಂದಿದೆ. ಅವರು ಅಲ್ಲಿ ಮೊದಲು ಹುಡುಕುವುದು ಯಾವ ಆಟವನ್ನು, ಕಿವಿಗೊಡುವುದು ಯಾವ ಸದ್ದಿಗೆ, ಮಕ್ಕಳಿಗೆ ಬೆರಳು ಮಾಡಿ ತೋರಿಸುವುದು ಯಾವ ಮೂಲೆಯನ್ನು ಎಂಬುದನ್ನು ನಮ್ಮ ನಾಡಿನ ಉದ್ಯಾನಗಳ ಆಡಳಿತಗಾರರು ಈಗಿನಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಹಳೆಯ ಆಟವೊಂದನ್ನು ತೆಗೆಯುವ ಮುನ್ನ ಅದರ ನಕ್ಷೆ, ಸಂಗೀತ, ಚಿತ್ರಗಳನ್ನಾದರೂ ದಾಖಲಿಸಿಡಬೇಕು, ಸಾಧ್ಯವಿದ್ದರೆ ಒಂದನ್ನಾದರೂ ಇದ್ದಲ್ಲೇ ಓಡಲು ಬಿಡಬೇಕು.