ತಂತ್ರಾಂಶದ ಅನುಕರಣೆ: ಕಾನೂನು ಏನೆನ್ನುತ್ತದೆ?

ಜನಪ್ರಿಯ ತಂತ್ರಾಂಶವೊಂದರ ಸೌಲಭ್ಯಗಳನ್ನೇ ಹೋಲುವ ಮತ್ತೊಂದನ್ನು ರೂಪಿಸುವುದು ಕಾನೂನುಬಾಹಿರವೇ? ಈ ಪ್ರಶ್ನೆ ಅಮೆರಿಕದಲ್ಲಿ ಲೋಟಸ್ ಮತ್ತು ಬೋರ್ಲ್ಯಾಂಡ್ ಕಂಪನಿಗಳನ್ನು ಸುಪ್ರೀಂ ಕೋರ್ಟ್‌ವರೆಗೆ ಕೊಂಡೊಯ್ದಿತ್ತು.

ಲೋಟಸ್ 1-2-3 ಲೆಕ್ಕಪಟ್ಟಿ ತಂತ್ರಾಂಶದ 469 ಆದೇಶಗಳ ಮೆನು ರಚನೆಯನ್ನು ಬೋರ್ಲ್ಯಾಂಡ್ ತನ್ನ ಕ್ವಾಟ್ರೊದಲ್ಲಿ ಯಥಾವತ್ತಾಗಿ ಅಳವಡಿಸಿತ್ತು. ಮೂಲ ಸಂಕೇತವನ್ನು ಮಾತ್ರ ಮುಟ್ಟಿರಲಿಲ್ಲ. ಲೋಟಸ್‌ಗೆ ಒಗ್ಗಿದ ಬಳಕೆದಾರರು ತಾವು ಶ್ರಮಪಟ್ಟು ಬರೆದ ಮ್ಯಾಕ್ರೊಗಳನ್ನು ಕಳೆದುಕೊಳ್ಳದೆ ಕ್ವಾಟ್ರೊಗೆ ಬರಲೆಂಬುದು ಇದರ ಉದ್ದೇಶ. 1990ರಲ್ಲಿ ಮೊಕದ್ದಮೆ ಹೂಡಿದ ಲೋಟಸ್ ಕೆಳ ನ್ಯಾಯಾಲಯದಲ್ಲಿ ಗೆದ್ದಿತು. ಆದರೆ ಮೆನು ರಚನೆ ವಿಸಿಆರ್ ಗುಂಡಿಗಳಂತೆ ಬರಿಯ ಕಾರ್ಯವಿಧಾನ, ಅದಕ್ಕೆ ಕೃತಿಸ್ವಾಮ್ಯ ಸಲ್ಲದು ಎಂದು 1995ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. 1996ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 4–4ರಂತೆ ಇಬ್ಭಾಗವಾದ ಕಾರಣ ಅದೇ ತೀರ್ಪು ಉಳಿಯಿತು. ದೇಶಕ್ಕೆಲ್ಲ ಅನ್ವಯಿಸುವ ನಿದರ್ಶನ ಮಾತ್ರ ಆಗಲಿಲ್ಲ.

ಆಂಡ್ರಾಯ್ಡ್‌ಗಾಗಿ ಜಾವಾದ ಸುಮಾರು 11,500 ಸಾಲುಗಳನ್ನು ಬಳಸಿದ್ದ ಗೂಗಲ್ ವಿರುದ್ಧದ ಒರೇಕಲ್ ವ್ಯಾಜ್ಯದಲ್ಲಿ, ಅದು ನ್ಯಾಯಯುತ ಬಳಕೆಯೆಂದು ಅದೇ ಕೋರ್ಟ್ 2021ರಲ್ಲಿ 6–2ರ ಬಹುಮತದಿಂದ ಹೇಳಿತು.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸುತ್ತದೆ. ರಕ್ಷಣೆ ಬರಹಕ್ಕೇ ಹೊರತು ಅದರ ಹಿಂದಿನ ಕಲ್ಪನೆಗಲ್ಲ. ಕಾನೂನುಬದ್ಧವಾಗಿ ಪಡೆದ ಪ್ರೋಗ್ರಾಂ ಕೆಲಸ ಮಾಡುವ ಬಗೆಯನ್ನು ಗಮನಿಸಿ, ಪರೀಕ್ಷಿಸಿ ಅದರ ತತ್ವಗಳನ್ನು ಅರಿಯಲು 52ನೇ ಕಲಂ ಅವಕಾಶ ನೀಡುತ್ತದೆ.

ಹಾಗೆಂದು ಎಲ್ಲವೂ ಮುಕ್ತವಲ್ಲ. ಸಂಕೇತ, ಐಕಾನ್ ಚಿತ್ರಗಳ ನಕಲು ಕೃತಿಸ್ವಾಮ್ಯದ ಉಲ್ಲಂಘನೆಯಾದೀತು. ಹೆಸರು, ಲಾಂಛನಗಳಿಗೆ ಟ್ರೇಡ್‌ಮಾರ್ಕ್ ಕಾವಲಿದೆ. ಭಾರತದಲ್ಲಿ ಬರಿಯ ಪ್ರೋಗ್ರಾಂಗೆ ಪೇಟೆಂಟ್ ದೊರೆಯದಿದ್ದರೂ, ಹೊರದೇಶಗಳಲ್ಲಿ ಮಾರುವವರು ಅಲ್ಲಿನ ಪೇಟೆಂಟ್‌ಗಳನ್ನು ಪರಿಶೀಲಿಸಲೇಬೇಕು. ಸೌಲಭ್ಯವನ್ನು ನೋಡಿ ಕಲಿಯಬಹುದು. ಸಂಕೇತವನ್ನು ಸ್ವಂತವಾಗಿಯೇ ಬರೆಯಬೇಕು.