ಕಳೆ ಸಾಯಬೇಕು, ಪೈರು ಉಳಿಯಬೇಕು



"ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಹೊಸ ರಾಸಾಯನಿಕ" ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಿದ ಕೂಡಲೇ "ಫಾದರ್, ಈ ಮದ್ದು ಎಲ್ಲಿ ಸಿಗುತ್ತದೆ?" ಎಂದು ಕೇಳುವವರುಂಟು. ಮನೆಯಲ್ಲಿ ರೋಗಿ ಇರುವಾಗ ಇದು ಸಹಜ. ಆದರೆ ಪ್ರಯೋಗಾಲಯದಲ್ಲಿ ಕೋಶವನ್ನು ಕೊಲ್ಲುವುದು ಕಷ್ಟವಲ್ಲ. ಸೀಮೆಎಣ್ಣೆ ಸುರಿದರೂ ಅದು ಸಾಯುತ್ತದೆ. ಪಕ್ಕದ ಆರೋಗ್ಯವಂತ ಕೋಶ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ.

ಗೋದಿ ಮತ್ತು ಕಳೆಯ ಸಾಮತಿ ನಮಗೆಲ್ಲ ಗೊತ್ತು. ಯಜಮಾನನು ಆಳುಗಳನ್ನು ತಡೆದದ್ದು ಕಳೆಯೊಂದಿಗೆ ಗೋದಿಯೂ ಕಿತ್ತು ಬಂದೀತೆಂದು. ಗದ್ದೆಯಲ್ಲಿಯೂ 2,4-ಡಿ ಕಳೆನಾಶಕವನ್ನು ಹದವರಿತು ಸಿಂಪಡಿಸಿದರೆ ಅಗಲ ಎಲೆಯ ಕಳೆ ಮುರುಟಿ ಸಾಯುತ್ತದೆ, ಭತ್ತ ಉಳಿಯುತ್ತದೆ. ಪ್ರಮಾಣ ಮೀರಿದರೆ ಪೈರಿಗೂ ಪೆಟ್ಟು. ವಿಜ್ಞಾನಿಗಳು ಹುಡುಕುವುದು ಇಂತಹ, ಆರಿಸಿ ಕೊಲ್ಲುವ ಮದ್ದನ್ನು.

ಒಂದು ಉದಾಹರಣೆ ನೋಡೋಣ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ ಮೆಲನೋಮಾ ಎಂದು ಹೆಸರು. ಇದು ಬಿಳಿ ಚರ್ಮದವರಲ್ಲಿ ಹೆಚ್ಚು. 2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ಅನೇಕ ಮೆಲನೋಮಾಗಳಲ್ಲಿ ಬಿ-ರಾಫ್ ಎಂಬ ಜೀನು ಕೆಟ್ಟಿರುವುದನ್ನು ಕಂಡುಹಿಡಿದರು. ಈ ಜೀನಿನ ಪ್ರೋಟೀನು ಕೋಶಕ್ಕೆ "ಬೆಳೆ" ಎಂದು ಹೇಳುವ ಸ್ವಿಚ್ಚು ಇದ್ದಂತೆ. ಜೀನು ಕೆಟ್ಟರೆ ಸ್ವಿಚ್ಚು ಆರುವುದೇ ಇಲ್ಲ. ಕೋಶಗಳು ಹೆಚ್ಚುತ್ತಲೇ ಹೋಗುತ್ತವೆ.

ಅಮೆರಿಕದ ಬರ್ಕ್ಲಿಯಲ್ಲಿದ್ದ ಪ್ಲೆಕ್ಸಿಕಾನ್ ಕಂಪೆನಿಯು ಸುಮಾರು 20,000 ಸಂಯುಕ್ತಗಳಿಂದ ಆರಂಭಿಸಿ, ಈ ಕೆಟ್ಟ ಸ್ವಿಚ್ಚಿಗೆ ಹೊಂದುವ ಅಣುವೊಂದನ್ನು ರೂಪಿಸಿತು. ಅದೇ ವೆಮುರಾಫೆನಿಬ್.

ಇಂತಹ ಮದ್ದನ್ನು ಮೊದಲು ಪರೀಕ್ಷಿಸುವುದು ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ. ಕೆಲವು ಗುಳಿಗಳಲ್ಲಿ ಕ್ಯಾನ್ಸರ್ ಕೋಶ, ಕೆಲವದರಲ್ಲಿ ಆ ದೋಷವಿಲ್ಲದ ಕೋಶ ಬೆಳೆಸುತ್ತಾರೆ. ಮದ್ದನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ಹೋಲಿಕೆಗಾಗಿ ಕೆಲವಕ್ಕೆ ಏನೂ ಹಾಕುವುದಿಲ್ಲ. ಕೆಲವು ದಿನ ಕಳೆದು, ಬದುಕಿದ ಕೋಶಗಳನ್ನು ಅಳೆಯುತ್ತಾರೆ. ವೆಮುರಾಫೆನಿಬ್ ಕೆಟ್ಟ ಜೀನಿನ ಕೋಶಗಳನ್ನು ಅತಿ ಕಡಿಮೆ ಪ್ರಮಾಣದಲ್ಲೇ ತಡೆಯಿತು. ದೋಷವಿಲ್ಲದವುಗಳಿಗೆ ಬಹಳ ಹೆಚ್ಚು ಬೇಕಾಯಿತು. ಆ ಮೇಲೆ ಇಲಿಗಳು, ಕೊನೆಗೆ ಹಂತಹಂತವಾಗಿ ಮನುಷ್ಯರು. ತಟ್ಟೆಯಲ್ಲಿ ಗೆದ್ದ ಅನೇಕ ಸಂಯುಕ್ತಗಳು ಈ ದಾರಿಯಲ್ಲಿ ಸೋಲುತ್ತವೆ.

2011ರಲ್ಲಿ ಪ್ರಕಟವಾದ, 675 ರೋಗಿಗಳ ಪರೀಕ್ಷೆಯಲ್ಲಿ ಹೊಸ ಮದ್ದು ಪಡೆದವರಲ್ಲಿ ನೂರಕ್ಕೆ 84 ಮಂದಿ ಆರು ತಿಂಗಳ ನಂತರ ಬದುಕಿದ್ದರು. ಹಳೆಯ ಮದ್ದು ಪಡೆದವರಲ್ಲಿ 64. ಅದೇ ವರ್ಷ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೂ ಇದು ಪೂರ್ಣ ಜಯವಲ್ಲ. ಹೆಚ್ಚಿನವರಲ್ಲಿ ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಮದ್ದಿಗೆ ಒಗ್ಗಿಕೊಂಡು ಮರಳಿತು. ಕೆಲವರ ಚರ್ಮದಲ್ಲಿ ಬೇರೆ ಬಗೆಯ ಕ್ಯಾನ್ಸರ್ ಗಡ್ಡೆಗಳೂ ಎದ್ದವು. ಆದುದರಿಂದಲೇ ಇಂತಹ ಮದ್ದನ್ನು ಈಗ ಹೆಚ್ಚಾಗಿ ಇನ್ನೊಂದು ಮದ್ದಿನೊಂದಿಗೆ ಕೊಡುತ್ತಾರೆ. ಅದೂ ಗಡ್ಡೆಯ ಜೀನು ಪರೀಕ್ಷಿಸಿದ ಮೇಲೆಯೇ.

ನಮ್ಮಂತಹ ಕಂದು ಚರ್ಮದವರಲ್ಲಿ ಮೆಲನೋಮಾ ಅಪರೂಪ. ಬಂದರೆ ಹಲವು ಸಲ ಅಂಗಾಲು, ಅಂಗೈ ಅಥವಾ ಉಗುರಿನ ಕೆಳಗೆ ಬರುತ್ತದೆ. ಈ ಬಗೆಯಲ್ಲಿ ಬಿ-ರಾಫ್ ದೋಷ ಕಡಿಮೆ, ಹಾಗಾಗಿ ಈ ಮದ್ದಿನ ಪ್ರಯೋಜನವೂ ಕೆಲವರಿಗೆ ಮಾತ್ರ. ಬೇಗ ಗುರುತಿಸಿ ಶಸ್ತ್ರಚಿಕಿತ್ಸೆಯಿಂದ ತೆಗೆಸುವುದೇ ನಮಗೆ ಉತ್ತಮ ದಾರಿ.

ಬರಿಗಾಲಲ್ಲಿ ತೋಟಕ್ಕೆ ಇಳಿಯುವ ನಾವು ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳಿನ ಗುರುತೆಂದೋ ಆಣಿಯೆಂದೋ ಬಿಟ್ಟುಬಿಡುತ್ತೇವೆ. ಕಲೆ ದೊಡ್ಡದಾಗುತ್ತಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ರಕ್ತ ಬರುತ್ತಿದ್ದರೆ, ಹುಣ್ಣು ವಾರಗಟ್ಟಲೆ ಮಾಯದಿದ್ದರೆ, ಉಗುರಿನಲ್ಲಿ ಕಪ್ಪು ಗೆರೆ ಅಗಲವಾಗುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಿರಿ. ಬ್ಲೇಡಿನಿಂದ ಕೊಯ್ಯಬೇಡಿ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಸುಡಬೇಡಿ.

ಈ ಶನಿವಾರ ಸಂಜೆ ಕಾಲು ತೊಳೆಯುವಾಗ ಅಂಗಾಲನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಬಗ್ಗಲಾಗದ ಹಿರಿಯರ ಅಂಗಾಲನ್ನು ಮಕ್ಕಳು ನೋಡಲಿ. ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.